ಹಾಲಮ್ಮ ಸಿಸ್ಟರ್ ನನ್ನ ಬಾಜೂಕ ಕುಂತ ದಿನ

ನಾನು ಮೈಕ್ ಮುಂದೆ ಮೂಕನಾದ ಸುದ್ದಿ ಈಗಾಗಲೇ ಹಗರಿಬೊಮ್ಮನಹಳ್ಳಿಯಿಂದ ಕೊಟ್ಟೂರು ದಾಟಿ ಹರಪನಹಳ್ಳಿ ತನಕ ಹೋಗಿದೆಯಂತೆ. ಹೋಗಲಿ ಬಿಡಿ. ಸುಳ್ಳೇನೂ ಅಲ್ಲವಲ್ಲ.

ಕಳೆದ ಶನಿವಾರ ಹಾಲಮ್ಮ ಸಿಸ್ಟರ್ ರಿಟೈರ್ ಆದರು. ಊರೂರು ಸುತ್ತಿ ಕೂಸುಗಳ ತೊಡೆಗೆ ಸೂಜಿ ಚುಚ್ಚಿ, ಬಾಣಂತಿಯರಿಗೆ ಕಬ್ಬಿಣದ ಮಾತ್ರೆ ಕೊಟ್ಟು, ಕಾಲು ಸವೆಸಿದ ಆರೋಗ್ಯ ಸಹಾಯಕಿ ಅವರು. ಬೀಳ್ಕೊಡುಗೆಗೆ ಹಗರಿಬೊಮ್ಮನಹಳ್ಳಿಯಲ್ಲಿ ಒಂದು ಹಾಲ್ ಹಿಡಿದಿದ್ದರು. ಕೇಸರಿಬಾತು, ಮಿರ್ಚಿ, ಶಾಲು, ಹಾರ, ಎಲ್ಲ ಇತ್ತು. ನಿರೂಪಣೆ ಮಾಡುತ್ತಿದ್ದ ಮೇಷ್ಟ್ರು ನನ್ನ ಹೆಸರು ಕೂಗಿ, "ಎರಡೇ ಎರಡು ಮಾತು ಆಡಬೇಕಾಗಿ ವಿನಂತಿ" ಅಂದರು. "ಎರಡೇ ಎರಡು" ಅನ್ನೋದನ್ನು ಒತ್ತಿ ಒತ್ತಿ ಹೇಳಿದರು. ಸಭೆಯೆಲ್ಲ ನಕ್ಕಿತು. ನನ್ನ ಬಾಯಿಯ ಖ್ಯಾತಿ ಅಷ್ಟಿದೆ.

ಎದ್ದು ಹೋದೆ. ಮೈಕ್ ಹಿಡಿದೆ. ಹಾಲಮ್ಮ ಸಿಸ್ಟರ್ ಕಡೆ ನೋಡಿದೆ. ಆ ಸೆಕೆಯಲ್ಲಿ ಶಾಲು ಹೊದ್ದು ಬೆವರುತ್ತಾ, ಕುರ್ಚಿಯ ತುದಿಯಲ್ಲಿ, ಈಗಲೇ ಎದ್ದು ಇನ್ನೊಂದು ಮನೆಗೆ ಹೋಗಬೇಕು ಅನ್ನೋ ಹಾಗೆ ಕೂತಿದ್ದರು. "ನಮಸ್ಕಾರ" ಅಂದೆ. ಇಳಿದು ಬಂದೆ. ಅಷ್ಟೇ!

ಅವತ್ತು ಹೇಳಲಾಗದ್ದನ್ನು ಇವತ್ತು ಬರೆಯುತ್ತಿದ್ದೇನೆ. ಓದುಗರಲ್ಲಿ ಸರಕಾರಿ ನೌಕರರು ಇದ್ದರೆ ಸ್ವಲ್ಪ ಹತ್ತಿರ ಬಂದು ಕೂತುಕೊಳ್ಳಿ. (ಈ ಅಂಕಣ ಬರೆಯೋಕೆ ಇಲಾಖೆಯ ಅನುಮತಿ ಇದೆ. ಯಾರೂ ಅರ್ಜಿ ಹಾಕೋಕೆ ಹೋಗಬೇಡಿ.)

ಇದು ಮೂವತ್ತು ವರ್ಷದ ಹಿಂದಿನ ಮಾತು. ಹರಪನಹಳ್ಳಿ ಇನ್ನೂ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ನಾನು ಪಶು ಇಲಾಖೆಯಲ್ಲಿ ಸ್ಟಾಕ್‌ಮನ್. ಅಂದರೆ ಡಾಕ್ಟರ್ ಅಲ್ಲ, ಡಾಕ್ಟರ ಕೈಕೆಳಗೆ ಸೂಜಿ ಹಾಕುವವನು. ಆದರೆ ಹಳ್ಳಿಯಲ್ಲಿ ಯಾರು ಈ ವ್ಯತ್ಯಾಸ ನೋಡ್ತಾರೆ? ಕೈಯಲ್ಲಿ ಸಿರಿಂಜ್ ಇದ್ದವರೆಲ್ಲ ಡಾಕ್ಟ್ರೇ. ನನ್ನನ್ನು ಹಾಕಿದ್ದು ಉಜ್ಜಿನಿ ಕಡೆಯ ಒಂದು ಹಳ್ಳಿಗೆ. ಹೊಸ ನೌಕರಿ, ಹೊಸ ಸೈಕಲ್, ಮತ್ತು ಹುಟ್ಟಿದಾಗಿನಿಂದ ಜೊತೆಗಿರುವ ಹಳೇ ಸಿಟ್ಟು.

ಕುರಿಗಳಿಗೆ ಕರುಳುಬೇನೆ ಅಂತ ಒಂದು ರೋಗ ಬರುತ್ತದೆ. ಸಂಜೆ ಮೇದು ಬಂದ ಕುರಿ ಬೆಳಗ್ಗೆ ಸೆಟೆದು ಬಿದ್ದಿರುತ್ತದೆ. ಮಳೆಗಾಲಕ್ಕೆ ಮುಂಚೆ ಅದಕ್ಕೆ ಲಸಿಕೆ ಹಾಕಬೇಕು. ಲಸಿಕೆ ತಣ್ಣಗಿರಬೇಕು. ನಮ್ಮ ಪಶು ಕೇಂದ್ರದಲ್ಲಿ ಫ್ರಿಜ್ ಎಲ್ಲಿಂದ ಬರಬೇಕು? ಬಾಗಿಲೇ ಸರಿಯಾಗಿ ಮುಚ್ಚುತ್ತಿರಲಿಲ್ಲ. ಪಕ್ಕದ ಊರಿನ ಆರೋಗ್ಯ ಕೇಂದ್ರದಲ್ಲಿ ಒಂದು ಫ್ರಿಜ್ ಇತ್ತು. ಅದರ ಬೀಗದ ಕೈ ಹಾಲಮ್ಮ ಸಿಸ್ಟರ್ ಸೆರಗಿನಲ್ಲಿ. ಮಕ್ಕಳ ಲಸಿಕೆ ಅದರ ಹೊಟ್ಟೆಯಲ್ಲಿ. ನನಗೆ ಬೇಕಾದ ಐಸು ಅದರ ತಲೆಯ ಮೇಲಿನ ಖಾನೆಯಲ್ಲಿ. ನಸುಕಿಗೆ ಹೋದರೆ ನನ್ನ ಡಬ್ಬಿಗೆ ಐಸು ತುಂಬಿ ಕೊಡೋರು. "ಜಲ್ದಿ ಹೋಗ್ರಿ, ಕರಗೀತು" ಅನ್ನೋರು. ನಮ್ಮಿಬ್ಬರ ಪರಿಚಯ ಇಷ್ಟೇ.

ಆ ವರ್ಷ ನನಗೆ ಇನ್ನೂರು ಕುರಿಗಾಗುವಷ್ಟು ಲಸಿಕೆ ಕೊಟ್ಟರು. ಹೋಗಿದ್ದು ಒಂದೇ ಹಟ್ಟಿಗೆ. ಹಟ್ಟಿಯ ಯಜಮಾನ ದುರುಗಪ್ಪ. ಅಣ್ಣತಮ್ಮಂದಿರ ಕುರಿ ಎಲ್ಲ ಒಂದೇ ಹಿಂಡು. ಬೆಳಗ್ಗೆ ಶುರು ಮಾಡಿದವನು ಮಧ್ಯಾಹ್ನ ಮುಗಿಸಿದೆ. ಒಬ್ಬ ಹಿಡಿಯೋದು, ನಾನು ಚುಚ್ಚೋದು, ಇನ್ನೊಬ್ಬ ಬೆನ್ನಿಗೆ ಕೆಮ್ಮಣ್ಣು ಹಚ್ಚೋದು. ಎಳೆಯ ಮರಿ ಬಿಟ್ಟರೆ ಒಂದೂ ಬಿಡಲಿಲ್ಲ. ಕೊನೆಗೆ ರಿಜಿಸ್ಟರ್ ತೆಗೆದು ಕೇಳಿದೆ.

"ಯಜಮಾನ್ರೇ, ಎಷ್ಟು ಕುರಿ?"

ದುರುಗಪ್ಪ ಆಕಾಶ ನೋಡಿದರು. ಗಡ್ಡ ಕೆರೆದುಕೊಂಡರು. "ನೂರ ಹತ್ತು ಬರ್ಕೋರಿ" ಅಂದರು.

ನೂರ ಹತ್ತು ಅಂತ ಬರೆದೆ! ಹೆಬ್ಬೆಟ್ಟು ಒತ್ತಿಸಿಕೊಂಡೆ. ಖಾಲಿ ಬಾಟಲಿ ಎಲ್ಲ ಅಲ್ಲೇ ಗುಂಡಿ ತೋಡಿ ಹೂತೆ. ಮಜ್ಜಿಗೆ ಕುಡಿದು ಬಂದೆ.

ಕುರುಬರ ಹಟ್ಟಿಯಲ್ಲಿ ಹುಟ್ಟಿ ಬೆಳೆದವರು ಇಷ್ಟು ಹೊತ್ತಿಗೆ ತಲೆ ಚಚ್ಚಿಕೊಂಡಿರುತ್ತೀರಿ. ಕುರಿ ಕಾಯುವವರು ಹಿಂಡಿನ ಲೆಕ್ಕ ಬಾಯಿಬಿಟ್ಟು ಹೇಳುತ್ತಾರಾ? ಎಣಿಸಿದರೆ ಏಳಿಗೆ ಇಲ್ಲ ಅನ್ನೋದು ಅವರ ನಂಬಿಕೆ. ಕೇಳಿದರೆ ಬಾಯಿಗೆ ಬಂದ ಒಂದು ಅಂಕಿ ಹೇಳುತ್ತಾರೆ. ಅದು ಯಾವಾಗಲೂ ಕಡಿಮೆ. ನಮ್ಮ ಇಲಾಖೆಯ ಹಳಬರಿಗೆಲ್ಲ ಇದು ಗೊತ್ತಿತ್ತು. ಅವರು ಯಾರನ್ನೂ ಕೇಳುತ್ತಲೇ ಇರಲಿಲ್ಲ. ಖರ್ಚಾದ ಲಸಿಕೆಗೆ ಸರಿಯಾಗಿ ಕುರಿ ಬರೆದುಕೊಂಡು ಹೆಬ್ಬೆಟ್ಟು ಒತ್ತಿಸುತ್ತಿದ್ದರು. ನಾನು ಒಬ್ಬ ಸತ್ಯಹರಿಶ್ಚಂದ್ರ, ಹರಪನಹಳ್ಳಿ ಪೇಟೆಯಲ್ಲಿ ಬೆಳೆದವನು, ಕೇಳಿ ಬರೆದೆ.

ಮೂರು ತಿಂಗಳಿಗೆ ಕೂಡ್ಲಿಗಿಯ ನಮ್ಮ ತಾಲೂಕು ಕಚೇರಿಯಿಂದ ಕರೆ ಬಂತು. ಇನ್ನೂರು ಡೋಸ್ ತಗೊಂಡಿದ್ದೀಯ, ನೂರ ಹತ್ತು ಕುರಿಗೆ ಹಾಕಿದ್ದೀಯ, ವಾಪಸ್ ಕೊಟ್ಟಿದ್ದು ಸೊನ್ನೆ. ತೊಂಬತ್ತು ಎಲ್ಲಿ? ಯಾರಿಗೆ ಮಾರಿದೆ?

ಮಾರಿದೆ! ಆ ಮಾತು ಕೇಳಿದ್ದೇ ತಡ, ನನಗೆ ಕಣ್ಣು ಕತ್ತಲೆ ಬಂತು. ಸಾಹೇಬರ ಟೇಬಲ್ ಮೇಲೆ ಕೈ ಕುಟ್ಟಿದೆ. ಏನೇನೋ ಅಂದೆ. ಅವರು ಪಾಪ ಕೆಟ್ಟ ಮನುಷ್ಯರೇನೂ ಅಲ್ಲ. ಬಾಗಿಲು ಮುಂದೆ ಮಾಡಿ, ಬಿಳಿ ಹಾಳೆ ಕೊಟ್ಟು, "ನೋಡಪ್ಪ, ತಪ್ಪಾಯ್ತು ಅಂತ ನಾಕು ಸಾಲು ಬರ್ದುಕೊಡು. ವಾರ್ನಿಂಗ್ ಕೊಟ್ಟು ಮುಗಿಸೋಣ. ವಿಚಾರಣೆ ಗಿಚಾರಣೆ ಅಂತ ಹೋದ್ರೆ ನೀನೇ ಹಾಳಾಗ್ತಿ" ಅಂದರು. ತಮ್ಮ ಪೆನ್ನನ್ನೇ ಕೊಟ್ಟರು.

ಎಷ್ಟು ಮಂದಿ ಆ ಪೆನ್ನು ಹಿಡಿದಿಲ್ಲ ಹೇಳಿ? ಬಾಗಿಲು ಮುಚ್ಚಿದೆ. ಎದುರಿಗೆ ಸಾಹೇಬರು. ನಿಮ್ಮ ಕಡೆಯವರು ಅನ್ನೋಕೆ ಒಂದು ನರಪಿಳ್ಳೆ ಇಲ್ಲ. ಮನೆಯಲ್ಲಿ ಅಪ್ಪ ಊರಿಗೆಲ್ಲ "ನನ್ನ ಮಗ ಗೌರ್ಮೆಂಟ್ ಕೆಲಸದಾಗ ಅದಾನ" ಅಂತ ಹೇಳಿಕೊಂಡಿದ್ದಾರೆ. ನಾಲ್ಕೇ ನಾಲ್ಕು ಸಾಲು ತಾನೇ?

ನಾನು ಬರೆಯಲಿಲ್ಲ. ಧೈರ್ಯದಿಂದ ಅಂದುಕೊಳ್ಳಬೇಡಿ, ಸಿಟ್ಟಿನಿಂದ. ಹಾಳೆ ಮಡಚಿ ಜೇಬಿಗೆ ಹಾಕಿಕೊಂಡು ಎದ್ದು ಬಂದೆ. ಎರಡು ವಾರಕ್ಕೆ ಟಪಾಲಿನಲ್ಲಿ ಆರೋಪ ಪಟ್ಟಿ ಬಂತು. ವಿಚಾರಣೆಯ ದಿನಾಂಕವೂ ಜೊತೆಗೇ. ಅವತ್ತೇ ಸಾಹೇಬರ ಆ ಬಿಳಿ ಹಾಳೆ ತೆಗೆದು ರಾಜೀನಾಮೆ ಬರೆದೆ. "ನಿಮ್ಮ ನೌಕರಿ ನೀವೇ ಇಟ್ಕೊಳ್ರಿ" ಅಂತಲೇ ಶುರು ಮಾಡಿದ್ದೆ. ಅದಕ್ಕಿಂತ ಮುಂದಿನ ಸಾಲುಗಳನ್ನು ಇಲ್ಲಿ ಬರೆದರೆ ಸಂಪಾದಕರು ಕತ್ತರಿ ಹಾಕುತ್ತಾರೆ.

ಮರುದಿನ ಬೆಳಗ್ಗೆ ಆರೋಗ್ಯ ಕೇಂದ್ರಕ್ಕೆ ಹೋದೆ. ಹಾಲಮ್ಮ ಸಿಸ್ಟರ್ ಬೀಗ ತೆಗೆಯೋಕೆ ಎದ್ದರು.

"ಐಸು ಬ್ಯಾಡ್ರಿ ಸಿಸ್ಟರ್. ಇನ್ನ ಮ್ಯಾಲೆ ಬರಂಗಿಲ್ಲ ನಾನು."

"ಯಾಕ್ರಿ, ಟ್ರಾನ್ಸ್‌ಫರ್ ಆತೇನು?"

ಎರಡೂ ಕಾಗದ ಕೊಟ್ಟೆ. ಆರೋಪ ಪಟ್ಟಿ ಒಂದು, ರಾಜೀನಾಮೆ ಇನ್ನೊಂದು. ಕನ್ನಡಕ ಹಾಕಿಕೊಂಡು ರಾಜೀನಾಮೆಯನ್ನೇ ಮೊದಲು ಓದಿದರು. ಓದುತ್ತಾ ಓದುತ್ತಾ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ನಾನು ಬದುಕು ಮುಗಿಯಿತು ಅಂತ ನಿಂತಿದ್ದೇನೆ, ಈ ಯಮ್ಮ ನಗ್ತಾಳಲ್ಲ!

"ತಮ್ಮಾ, ಬೈಗುಳ ಚಲೋ ಬರೀತಿ" ಅಂದರು. ಅದುವರೆಗೆ ನಾನು 'ಸ್ಟಾಕ್‌ಮನ್ನೋರು'. ಅವತ್ತಿನಿಂದ 'ತಮ್ಮ' ಆದೆ. "ಇದನ್ನ ಒಲಿಗೆ ಹಾಕು. ಈ ಆರೋಪ ಪಟ್ಟಿ ಪೂರ್ತಿ ಓದೀಯೇನು?"

"ಓದೀನಿ. ಕಳ್ಳ ಅಂತ ಬರದಾರ."

"ಕೊನಿ ಸಾಲು ಓದು."

ಯಾರು ಓದುತ್ತಾರೆ ಕೊನೆಯ ಸಾಲು? ಮೊದಲನೇ ಸಾಲಿಗೇ ಪ್ರಾಣ ಹೋಗಿರುತ್ತದೆ. ಓದಿದೆ. ಸರಕಾರಿ ಕನ್ನಡದಲ್ಲಿ ಉದ್ದಕ್ಕೆ ಬರೆದಿತ್ತು. ಸಾರಾಂಶ ಇಷ್ಟು: ವಿಚಾರಣೆಯಲ್ಲಿ ನಿಮಗೆ ನೆರವಾಗಲು ನೀವು ಇಚ್ಛಿಸಿದಲ್ಲಿ ಇನ್ನೊಬ್ಬ ಸರಕಾರಿ ನೌಕರರನ್ನು ಕರೆತರಬಹುದು.

"ಅಂದ್ರ?"

"ಅಂದ್ರ ಒಬ್ಬಾವ ಹೋಗಬಾರದು ಅಂತ ಅರ್ಥ. ನೌಕರರ ಸಂಘ ಅಂದ್ರ ಮೆರವಣಿಗಿ, ಘೋಷಣೆ, ಕ್ಯಾಲೆಂಡರು ಅಷ್ಟೇ ಅಂತ ತಿಳ್ಕಂಡೀಯೇನು? ನಾನು ತಾಲೂಕು ಸಂಘದ ಕಮಿಟಿಯಾಗ ಅದೀನಿ. ನಾ ಬರ್ತೀನಿ."

ನಿಜ ಹೇಳಲಾ? ನನಗೆ ಖುಷಿಯಾಗಲಿಲ್ಲ. ಸಂಘದವರು ಅಂದರೆ ಬಳ್ಳಾರಿಯಿಂದ ಜೀಪಿನಲ್ಲಿ ಇಳಿಯುವ, ಮೀಸೆ ಇರುವ, ಟೇಬಲ್ ಗುದ್ದುವ ಲೀಡರ್ ಬೇಕು ಅನಿಸಿತು. ಕೊಡೆ ಹಿಡಿದುಕೊಂಡು, ಲಸಿಕೆ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಓಡಾಡುವ ಈ ಸಿಸ್ಟರ್ ಬಂದು ಏನು ಮಾಡುತ್ತಾರೆ? "ಇದು ಕುರಿ ಕೇಸ್ರಿ ಸಿಸ್ಟರ್" ಅಂತ ಮೆಲ್ಲಗೆ ಅಂದೆ.

"ಆಗಲೇಳು. ಸೂಜಿ ಹಾಕೋ ಮಂದಿ ಇಬ್ರೂ. ನನಗೂ ತಿಳಿತೈತಿ" ಅಂದರು.

ಅಲ್ಲಿಂದ ವಿಚಾರಣೆಯ ದಿನದ ತನಕ ಅವರು ನನ್ನನ್ನು ಬಿಡಲಿಲ್ಲ. ಲಸಿಕೆ ಕೊಟ್ಟ ರಸೀದಿಯ ನಕಲು ಕೇಳಿ ಅರ್ಜಿ ಬರೆಸಿದರು. ಸಾಕ್ಷಿ ಯಾರು ಅಂತ ಕೇಳಿ ಇನ್ನೊಂದು ಬರೆಸಿದರು. ಎಲ್ಲದಕ್ಕೂ ಸ್ವೀಕೃತಿ ತಗೋ ಅಂದರು. ಸಾಕ್ಷಿ ದುರುಗಪ್ಪ ಅಂತ ಗೊತ್ತಾದಾಗ ನಾನು ಕುಣಿದಾಡಿದೆ. ಆಯಪ್ಪನೇ ಕಡಿಮೆ ಹೇಳಿ ನನ್ನನ್ನು ಹಾಳು ಮಾಡಿದ್ದು, ಈಗ ಹಟ್ಟಿಗೆ ಹೋಗಿ ಕೊರಳಪಟ್ಟಿ ಹಿಡಿದು ಕೇಳ್ತೀನಿ ಅಂದೆ.

"ಹೋಗಿ ನೋಡು ಮತ್ತ. ಸಾಕ್ಷಿಗೆ ಹೆದರಸ್ಯಾನ ಅಂತ ಇನ್ನೊಂದು ಆರೋಪ ಬರ್ತೈತಿ. ಸುಮ್ನ ಮನ್ಯಾಗ ಬಿದ್ಕ" ಅಂದರು. ಬಿದ್ದುಕೊಂಡೆ.

ವಿಚಾರಣೆ ಕೂಡ್ಲಿಗಿಯಲ್ಲಿ. ಬಸ್ಸಿನಲ್ಲಿ ನನ್ನ ಪಕ್ಕ ಕೂತವರು ಬ್ಯಾಗಿನಿಂದ ಒಂದು ಪೊಟ್ಟಣ ತೆಗೆದು ಕೊಟ್ಟರು. ಒಣ ಕೊಬ್ಬರಿ ಚೂರು. "ಇದನ್ನ ಬಾಯಾಗ ಇಟ್ಕ. ಸಿಟ್ಟು ಬಂದಾಗ ಅಗಿ. ಬಾಯಿ ತೆರೀಬ್ಯಾಡ. ನಿನ್ನ ಕೆಲಸ ಇವತ್ತು ಇಷ್ಟೇ." ಸರಕಾರಿ ನಿಯಮಾವಳಿಯ ಯಾವ ಪುಟದಲ್ಲೂ ಈ ಕೊಬ್ಬರಿಯ ಪ್ರಸ್ತಾಪ ಇಲ್ಲ. ಇರಬೇಕಿತ್ತು.

ಒಳಗೆ ವಿಚಾರಣಾಧಿಕಾರಿ ಕೂತಿದ್ದರು. ಬಳ್ಳಾರಿಯಿಂದ ಬಂದ ಹಿರಿಯ ಪಶುವೈದ್ಯರು, ನರೆತ ತಲೆ, ಕಮ್ಮಿ ಮಾತು. ಇಲಾಖೆಯ ಪರವಾಗಿ ಆರೋಪ ಮಂಡಿಸೋಕೆ ಇನ್ನೊಬ್ಬ ಅಧಿಕಾರಿ ಇದ್ದರು. ಹೇಳಿಕೆ ಬರೆದುಕೊಳ್ಳೋಕೆ ಒಬ್ಬ ಗುಮಾಸ್ತರು. ನನಗೆ ಒಂದೇ ಕುರ್ಚಿ ಹಾಕಿದ್ದರು. ಹಾಲಮ್ಮ ಸಿಸ್ಟರ್ ಸುತ್ತ ನೋಡಿದರು. ಯಾರನ್ನೂ ಕೇಳಲಿಲ್ಲ. ವರಾಂಡಕ್ಕೆ ಹೋಗಿ, ಒಂದು ಕಬ್ಬಿಣದ ಕುರ್ಚಿ ಎತ್ತಿಕೊಂಡು ಬಂದು, ನನ್ನ ಪಕ್ಕಕ್ಕೆ ಇಟ್ಟು ಕೂತರು.

ಮಂಡಿಸುವ ಅಧಿಕಾರಿ ಹುಬ್ಬು ಏರಿಸಿದರು. "ನೀವು ಮನುಷ್ಯರ ಆಸ್ಪತ್ರೆಯವರು ಅಲ್ಲೇನ್ರಿ? ಇದು ಪಶು ಇಲಾಖೆ ವಿಚಾರಣೆ."

"ಹೌದ್ರಿ ಸರ್. ಇನ್ನೊಬ್ಬ ಸರಕಾರಿ ನೌಕರರು ಅಂತ ಬರದೀರಿ. ಇಂಥಾ ಇಲಾಖೆಯವರೇ ಆಗಬೇಕು ಅಂತ ಬರದಿಲ್ಲ" ಅಂದರು ಸಿಸ್ಟರ್. ದನಿ ಏರಿಸಲಿಲ್ಲ. ಮಗುವಿನ ತಾಯಿಗೆ ಔಷಧಿ ಹೇಗೆ ಕೊಡಬೇಕು ಅಂತ ಹೇಳುವ ದನಿಯೇ ಅದು. ವಿಚಾರಣಾಧಿಕಾರಿ ತಲೆ ಆಡಿಸಿ, "ಬರೆದುಕೊಳ್ಳಿ" ಅಂತ ಗುಮಾಸ್ತರಿಗೆ ಹೇಳಿದರು.

ಆ ಹೊತ್ತಿಗೆ ನನ್ನೊಳಗೆ ಏನಾಯ್ತು ಅಂತ ಹೇಗೆ ಹೇಳಲಿ? ಕೇಸು ಗೆದ್ದಿರಲಿಲ್ಲ. ಶುರುವೇ ಆಗಿರಲಿಲ್ಲ. ಆದರೂ ಮೂರು ತಿಂಗಳಲ್ಲಿ ಮೊದಲ ಸಲ ಉಸಿರು ಪೂರ್ತಿ ಒಳಗೆ ಹೋಯಿತು. ಪಕ್ಕದಲ್ಲಿ ಒಬ್ಬರು ಕೂತಿದ್ದಾರೆ, ಅವರು ನನ್ನನ್ನು ಕಳ್ಳ ಅಂದುಕೊಂಡಿಲ್ಲ. ಅಷ್ಟು ಸಾಕಾಗಿತ್ತು.

ದುರುಗಪ್ಪ ಬಂದರು. ಕಂಬಳಿ ಮಡಚಿ ಹೆಗಲ ಮೇಲೆ ಹಾಕಿಕೊಂಡು, ಚಪ್ಪಲಿ ಹೊರಗೆ ಬಿಟ್ಟು, ಕೈ ಮುಗಿದು ನಿಂತರು. ಮಂಡಿಸುವ ಅಧಿಕಾರಿ ನೇರವಾಗಿ ಕೇಳಿದರು.

"ಸೂಜಿ ಹಾಕಿಸಿದ ದಿನ ನಿಮ್ಮ ಹಟ್ಟಿಯಲ್ಲಿ ಎಷ್ಟು ಕುರಿ ಇದ್ದವು?"

"ನೂರ ಹತ್ತು ಇರಬೌದ್ರಿ."

"ರಿಜಿಸ್ಟರ್‌ನಲ್ಲಿರೋ ಹೆಬ್ಬೆಟ್ಟು ನಿಮ್ಮದೇ?"

"ನಂದೇ ರಿ."

ಮುಗಿಯಿತು. ಕೇಸು ಮುಗಿಯಿತು, ನಾನು ಮುಗಿದೆ. ಕುರ್ಚಿಯಿಂದ ಎದ್ದೇಬಿಟ್ಟಿದ್ದೆ. ಸಿಸ್ಟರ್ ನನ್ನ ಅಂಗಿಯ ಚುಂಗು ಹಿಡಿದು ಎಳೆದು ಕೂಡಿಸಿದರು. ಕೊಬ್ಬರಿ ಅಗಿದೆ. ಎಂಥಾ ಅಗಿತ ಅಂತೀರಿ! ಗುಮಾಸ್ತರು ತಲೆ ಎತ್ತಿ ನೋಡಿದರು.

ಸಿಸ್ಟರ್ ಸರದಿ ಬಂತು. ಎಷ್ಟು ಕುರಿ ಅಂತ ಅವರು ಕೇಳಲೇ ಇಲ್ಲ.

"ಯಜಮಾನ್ರೇ, ಕುಂಡ್ರಿ. ನೀರು ಕುಡೀತೀರೇನು?" ಅಂದರು. ದುರುಗಪ್ಪ ನೆಲದ ಮೇಲೆ ಕೂತರು. ನೀರು ಕುಡಿದರು. "ನನಗ ಕುರಿ ಸಂಗತಿ ತಿಳಿಯಂಗಿಲ್ಲ. ಅವತ್ತು ಹಟ್ಟಿಯಾಗ ಸೂಜಿ ಹಾಕಿಸ್ಕಂಡೋರು ಯಾರ್ಯಾರು, ಒಂದೀಟು ಹೇಳ್ರಿ."

"ಯಾರ್ಯಾರು ಅಂದ್ರ?"

"ನಿಮ್ಮ ಕುರಿ ನಿಮಗ ಗೊತ್ತಿಲ್ಲೇನು?"

ದುರುಗಪ್ಪರ ಮುಖ ಅರಳಿದ್ದು ಈಗಲೂ ಕಣ್ಣ ಮುಂದೆ ಇದೆ. "ಯವ್ವಾ, ಹೊಟ್ಟಿ ಮಕ್ಕಳಂಗ ಅದಾವ. ಗೊತ್ತಿಲ್ಲೇನಂತ ಕೇಳ್ತೀಯಲ್ಲ!" ಅಂದವರೇ ಶುರು ಮಾಡಿದರು. "ಮೊದ್ಲು ಕರಿಮಕದಾಕಿ. ಆಕಿನ ಹಿರೇಳು. ಆಕಿ ಮಗಳು ಕೆಂಚಿ. ಕೆಂಚಿ ಮಗಳು ಮೋಟಗಿವಿ. ಮೋಟಗಿವಿ ತಂಗಿ ಚುಕ್ಕಿ. ಚುಕ್ಕಿಗೆ ಎಲ್ಡು ಮರಿ ಇದ್ವು, ಅವು ಸಣ್ಣವು, ಡಾಕ್ಟ್ರು ಇವಕ್ಕ ಈಗ ಬ್ಯಾಡ ಅಂದ್ರು, ಬಿಟ್ವಿ. ಆಮ್ಯಾಗ ಕುಂಟಿ..."

ಸಿಸ್ಟರ್ ಗುಮಾಸ್ತರ ಕಡೆ ತಿರುಗಿ, "ಸರ್, ಒಂದೊಂದು ಹೆಸರಿಗೆ ಒಂದೊಂದು ಗೀಟು ಎಳೀರಿ" ಅಂದರು. ಗುಮಾಸ್ತರು ಅಧಿಕಾರಿಯ ಮುಖ ನೋಡಿದರು. ಅವರು ಕಣ್ಣಲ್ಲೇ ಹೂಂ ಅಂದರು.

ದುರುಗಪ್ಪ ಹೇಳುತ್ತಲೇ ಹೋದರು. ಅವ್ವ, ಮಗಳು, ಮೊಮ್ಮಗಳು. ದೊಡ್ಡ ತಮ್ಮನ ಹೆಂಡತಿ ತವರಿನಿಂದ ತಂದಾಕಿ. ದೇವರಿಗೆ ಬಿಟ್ಟ ಟಗರು. ಸಂತೆಯಲ್ಲಿ ಕೊಂಡ ಸೀಳಗಿವಿ, ಆಕಿಗೆ ಸೊಕ್ಕು ಜಾಸ್ತಿ. "ಈಕಿನ್ನ ಹಿಡಿಯಾಕ ಮೂರು ಮಂದಿ ಬೇಕಾತು, ಡಾಕ್ಟ್ರಿಗೆ ಒದ್ದಳು, ಕೇಳ್ರಿ ಬೇಕಾರ" ಅಂತ ನನ್ನ ಕಡೆ ಕೈ ಮಾಡಿದರು. ನನ್ನ ಮೊಣಕಾಲಿಗೆ ಒದ್ದಿದ್ದು ನಿಜ! ನಾನೇ ಮರೆತಿದ್ದೆ. ನಡುವೆ ಒಂದು ಹೆಸರು ಹೇಳಿ ತಡೆದರು. "ಇಲ್ಲ, ಇಕಿ ಆವಾಗ ಹುಟ್ಟಿದ್ದಿಲ್ಲ. ಗೀಟು ಹೊಡ್ದಿದ್ರ ತೆಗೀರಿ ಸಾಮಿ" ಅಂದರು. ಗುಮಾಸ್ತರು ಅಳಿಸಿದರು.

ಅರ್ಧ ಗಂಟೆ ಕಳೆಯಿತು. ಫ್ಯಾನ್ ಸದ್ದು ಬಿಟ್ಟರೆ ಆ ಕೋಣೆಯಲ್ಲಿ ದುರುಗಪ್ಪರ ದನಿ ಮಾತ್ರ. ನಾನು ಮನಸ್ಸಿನಲ್ಲೇ ಎಣಿಸೋಕೆ ಹೋಗಿ ತಪ್ಪಿದೆ. ನೂರಾ ಇಪ್ಪತ್ತಕ್ಕೆ ನಿಂತರೆ? ನೂರಾ ನಲವತ್ತಕ್ಕೆ ನಿಂತರೆ? ನನ್ನ ಅನ್ನ ಅಲ್ಲಿ ಗೀಟು ಗೀಟಾಗಿ ಬೀಳುತ್ತಿತ್ತು.

ಕೊನೆಗೆ ದುರುಗಪ್ಪ, "ಇಷ್ಟೇ ರಿ. ಒಂದನ್ನೂ ಬಿಟ್ಟಿಲ್ಲ" ಅಂದರು.

ಮಂಡಿಸುವ ಅಧಿಕಾರಿ ಸುಮ್ಮನಿರುತ್ತಾರೆಯೇ? "ಸರ್, ಬಾಯಿಗೆ ಬಂದ ಹೆಸರು ಹೇಳ್ತಾ ಇರಬಹುದು" ಅಂದರು. ಅವರ ಕೆಲಸ ಅವರು ಮಾಡಿದರು, ತಪ್ಪು ಹೇಳೋದಿಲ್ಲ. ವಿಚಾರಣಾಧಿಕಾರಿ ಎಲ್ಲರಿಗೂ ಚಹಾ ತರಿಸಿದರು. ಚಹಾ ಮುಗಿದ ಮೇಲೆ ಯಾವುದೋ ಯೋಚನೆಯಲ್ಲಿರುವವರ ಹಾಗೆ, "ಯಜಮಾನ್ರೇ, ಆ ಕರಿಮಕದಾಕಿ ಸಂತಾನ ಇನ್ನೊಂದ್ಸಲ ಹೇಳಿ" ಅಂದರು. ದುರುಗಪ್ಪ ಹೇಳಿದರು. ಕೆಂಚಿ, ಮೋಟಗಿವಿ, ಚುಕ್ಕಿ. ಅದೇ ಅವ್ವ, ಅದೇ ಮಗಳು, ಅದೇ ಸಾಲು. ಅಲ್ಲಿಂದ ಇಲ್ಲಿಂದ ಕೆದಕಿ ಇನ್ನೂ ನಾಲ್ಕು ಕಡೆ ಕೇಳಿದರು. ಒಂದು ಹೆಸರೂ ಆಚೀಚೆ ಆಗಲಿಲ್ಲ.

ಗುಮಾಸ್ತರು ಗೀಟುಗಳನ್ನು ಕೂಡಿಸಿದರು. ಗಂಟಲು ಸರಿ ಮಾಡಿಕೊಂಡು, "ಸರ್, ಒಟ್ಟು..." ಅಂತ ಬಾಯಿ ತೆರೆದರು.

"ಸರ್, ಬಾಯಿಲೆ ಹೇಳಬ್ಯಾಡ್ರಿ" ಅಂತ ಹಾಲಮ್ಮ ಸಿಸ್ಟರ್ ತಟ್ಟನೆ ಅಂದರು. ಇಡೀ ದಿನದಲ್ಲಿ ಅವರ ದನಿ ಏರಿದ್ದು ಅದೊಂದೇ ಸಲ. "ಬರದು ತೋರಸ್ರಿ. ಯಜಮಾನ್ರ ಕಿವಿಗೆ ಬೀಳೋದು ಬ್ಯಾಡ."

ಗುಮಾಸ್ತರು ಹಾಳೆಯಲ್ಲಿ ಬರೆದು ಅಧಿಕಾರಿಯ ಮುಂದೆ ಇಟ್ಟರು. ಅವರು ನೋಡಿದರು. ಮಂಡಿಸುವ ಅಧಿಕಾರಿಗೆ ತೋರಿಸಿದರು. ನಮಗೂ ತೋರಿಸಿದರು. ಆಮೇಲೆ ಹಾಳೆಯನ್ನು ಬೋರಲು ಹಾಕಿ ಮೇಲೆ ಪೇಪರ್‌ವೇಟ್ ಇಟ್ಟರು.

(ಆ ಅಂಕಿ ನಿಮಗೂ ಹೇಳುವುದಿಲ್ಲ. ಇನ್ನೂರಕ್ಕೆ ಕೆಲವೇ ಕಡಿಮೆ ಇತ್ತು ಅಂದುಕೊಳ್ಳಿ.)

ಉಳಿದ ಆ ಕೆಲವು ಡೋಸ್ ಬಗ್ಗೆಯೂ ಸಿಸ್ಟರ್ ಬಿಡಲಿಲ್ಲ. ಒಮ್ಮೆ ತೆರೆದ ಬಾಟಲಿಯಲ್ಲಿ ಉಳಿದದ್ದನ್ನು ಮರುದಿನಕ್ಕೆ ಇಡುವ ಹಾಗಿಲ್ಲ, ಸಿರಿಂಜ್‌ನಲ್ಲಿ ಹೋಗುವುದು ಒಂದಿಷ್ಟು, ನಮ್ಮ ಮಕ್ಕಳ ಲಸಿಕೆಯದೂ ಇದೇ ಪಾಡು ಅಂತ ಹೇಳಿದರು. ಸ್ವತಃ ಪಶುವೈದ್ಯರಾದ ವಿಚಾರಣಾಧಿಕಾರಿಗೆ ಅದನ್ನು ಎರಡು ಸಲ ಹೇಳಬೇಕಾಗಲಿಲ್ಲ.

ಹೊರಗೆ ವರಾಂಡದಲ್ಲಿ ದುರುಗಪ್ಪ ನನ್ನ ಕೈ ಹಿಡಿದುಕೊಂಡರು. "ಡಾಕ್ಟ್ರೇ, ನಿಮಗ ಇಷ್ಟು ತ್ರಾಸ ಆಗೇತಿ ಅಂತ ನನಗ ಯಾರೂ ಹೇಳಲಿಲ್ಲಲ್ಲ" ಅಂದರು. ಕಣ್ಣಲ್ಲಿ ನೀರಿತ್ತು. ಕೊರಳಪಟ್ಟಿ ಹಿಡಿಯಬೇಕು ಅಂದುಕೊಂಡಿದ್ದ ಮನುಷ್ಯ! ಅವರ ಕಾಲಿಗೆ ಬೀಳಬೇಕು ಅನಿಸಿತು ನನಗೆ.

ವಾಪಸ್ ಬಸ್ಸಿನಲ್ಲಿ ಕೇಳಿದೆ. "ಅಕ್ಕಾ, ಹಂಗ ಕೇಳಬೇಕು ಅಂತ ನಿಮಗ ಹೆಂಗ ಹೊಳೀತು?" (ಹೌದು, 'ಸಿಸ್ಟರ್' ಹೋಗಿ 'ಅಕ್ಕ' ಆಗಿದ್ದರು.)

ಅವರು ಕಿಟಕಿಯ ಹೊರಗೆ ನೋಡುತ್ತಾ ಹೇಳಿದರು. "ಮಕ್ಕಳ ಪಟ್ಟಿ ಬರಿಯಾಕ ಮನಿಮನಿಗೆ ಹೋಕ್ಕೀನಲ್ಲ ತಮ್ಮಾ. ಎಷ್ಟು ಮಕ್ಕಳವ್ವ ಅಂದ್ರ, ಎಲ್ಡು ಅಂತಾಳ. ಸೀರಿ ಹಿಂದ ನಾಕು ನಿಂತಿರ್ತಾವ. ದೃಷ್ಟಿ ತಾಗೀತು ಅಂತ ಅಂಜಿಕಿ. ಎಷ್ಟು ಅಂತ ಕೇಳೋದು ನಾ ಯಾವಾಗೋ ಬಿಟ್ಟೀನಿ. ಯಾರ್ಯಾರು ಅದಾರ, ಹೆಸರು ಹೇಳವ್ವ ಅಂತೀನಿ. ಎಲ್ಲಾ ಹೇಳ್ತಾಳ. ತಾಯಿ ಸುಳ್ಳು ಹೇಳಂಗಿಲ್ಲ ಬಿಡು, ಲೆಕ್ಕ ಹೇಳಂಗಿಲ್ಲ ಅಷ್ಟೇ."

ಎಂಥಾ ಮಾತು! ಬಳ್ಳಾರಿಯ ಮೀಸೆ ಲೀಡರ್ ಬಂದಿದ್ದರೆ ಟೇಬಲ್ ಗುದ್ದುತ್ತಿದ್ದರು. ದುರುಗಪ್ಪ ಹೆದರಿ ನೂರ ಹತ್ತು ಅಂತಲೇ ಇನ್ನೂ ಮೂರು ಸಲ ಹೇಳುತ್ತಿದ್ದರು. ನಾನು ಇವತ್ತು ಹರಪನಹಳ್ಳಿ ಪೇಟೆಯಲ್ಲಿ ಅಂಗಡಿ ಗಲ್ಲೆಯ ಮುಂದೆ ಕೂತು ಸರಕಾರವನ್ನು ಬೈಯುತ್ತಿರುತ್ತಿದ್ದೆ.

ಆರೋಪ ಸಾಬೀತಾಗಿಲ್ಲ ಅಂತ ಆದೇಶ ಬಂದ ದಿನ ಅಪ್ಪ ಆ ಕಾಗದ ಹಿಡಿದು ಬಾಗಿಲ ಬೆಳಕಿಗೆ ಹೋಗಿ ಮೂರು ಸಲ ಓದಿದರು. ಓದಿ, ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದರು. ಆ ಒಂದು ಗಳಿಗೆಗಾಗಿ ನಾನು ಹಾಲಮ್ಮಕ್ಕನಿಗೆ ಜನ್ಮವಿಡೀ ಕೈ ಮುಗಿಯುತ್ತೇನೆ.

ಸೀರೆ ತಗೊಂಡು ಹೋಗಿದ್ದೆ. ಮುಟ್ಟಲಿಲ್ಲ. "ನಿಮ್ಮವ್ವಗ ಕೊಡು. ಉಡ್ಲಿ" ಅಂದರು. "ಮತ್ತೆ ನಾನು ಏನು ಮಾಡ್ಲಿ ಅಕ್ಕಾ?" ಅಂದೆ.

"ಏನೂ ಬ್ಯಾಡ. ನಾಳಿಗೆ ಯಾವನಿಗಾರ ಇಂಥಾ ಕಾಗದ ಬಂದ್ರ, ಹೋಗಿ ಅವನ ಬಾಜೂಕ ಕುಂಡ್ರು. ಅಷ್ಟು ಮಾಡು."

ಮಾಡ್ತೀನಿ ಅಂದೆ. ಬಹಳ ಜೋರಾಗಿ ಅಂದೆ. ನನ್ನ ಬಾಯಿ ನಿಮಗೆ ಗೊತ್ತಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿರುತ್ತಿತ್ತು. ಶನಿವಾರ ಮೈಕ್ ಬಿಟ್ಟು ಇಳಿದು ಬಂದದ್ದು ಬರೀ ಪ್ರೀತಿಯಿಂದ ಅಂತ ನೀವೂ ನಂಬುತ್ತಿದ್ದಿರಿ. ಪ್ರೀತಿಯೂ ಹೌದು. ಆದರೆ ಅದೊಂದೇ ಅಲ್ಲ.

ಎರಡು ವರ್ಷದ ಮೇಲೆ ಹಡಗಲಿ ತಾಲೂಕಿನಲ್ಲಿ ವೀರೇಶ ಅಂತ ಒಬ್ಬ ಸ್ಟಾಕ್‌ಮನ್‌ಗೆ ಇದೇ ಕಾಗದ ಬಂತು. ಅವನೂ ಹೊಸಬ. ಅವನೂ ಹಟ್ಟಿಯಲ್ಲಿ ಕೇಳಿ ಬರೆದವನು. ಒಂದು ಟ್ರೈನಿಂಗ್‌ನಲ್ಲಿ ಯಾರೋ ಹೇಳಿದರು. "ಪಾಪ" ಅಂದೆ. ಹೋಗಬೇಕು ಅಂದುಕೊಂಡೆ. ಆ ವಾರ ಆಗಲಿಲ್ಲ, ಮುಂದಿನ ವಾರವೂ ಆಗಲಿಲ್ಲ. ಕಾರಣ ಹೇಳಿ ಅಂದರೆ ಇವತ್ತಿಗೂ ನನ್ನ ಹತ್ತಿರ ಒಂದೂ ಇಲ್ಲ. ನನ್ನದು ಮುಗಿದಿತ್ತು, ಅಷ್ಟೇ. ಅಷ್ಟರಲ್ಲಿ ಅವನು ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಬ್ಬನೇ ಕೂತು ನಾಲ್ಕು ಸಾಲು ಬರೆದುಕೊಟ್ಟಿದ್ದ. ವಾರ್ನಿಂಗ್‌ನಲ್ಲಿ ಮುಗಿಯಲಿಲ್ಲ. ಬಡ್ತಿ ಹೋಯಿತು. ಲಸಿಕೆ ಕಳ್ಳ ಅನ್ನೋ ಹೆಸರು ಮಾತ್ರ ಉಳಿಯಿತು.

ಬೀಳ್ಕೊಡುಗೆಯ ಮರುದಿನ, ಭಾನುವಾರ, ನಾನು ಹಡಗಲಿ ಬಸ್ ಹತ್ತಿದೆ. ವೀರೇಶ ಮನೆಯಲ್ಲೇ ಇದ್ದರು. ತಲೆ ಅರ್ಧ ನರೆತಿದೆ. ಯಾರು ಏನು ಅಂತ ಹೇಳಿಕೊಂಡೆ. ಬರ್ರಿ, ಕುಂಡ್ರಿ ಅಂದು, ಚಹಾ ಮಾಡಿಸಿದರು. ಈ ಕಥೆಯನ್ನೆಲ್ಲ ಹೇಳಿದೆ. ಕೊನೆಯ ಸಾಲು, ಕಬ್ಬಿಣದ ಕುರ್ಚಿ, ಗೀಟು ಎಳೆದಿದ್ದು, ಎಲ್ಲ. ಈಗಲೂ ಮೇಲಿನವರಿಗೆ ಒಂದು ಮನವಿ ಬರೆಯೋಣ, ನಾನು ಜೊತೆಗೆ ಬರುತ್ತೇನೆ ಅಂದೆ. ಕೆಲಸ ಆಗುತ್ತದೋ ಇಲ್ಲವೋ ಗೊತ್ತಿಲ್ಲ, ಆದರೆ ಬರುತ್ತೇನೆ ಅಂದೆ. ಅವರು ಪೂರ್ತಿ ಕೇಳಿಸಿಕೊಂಡರು.

ಆಮೇಲೆ ಒಂದೇ ಒಂದು ಮಾತು ಕೇಳಿದರು.

"ಇದೆಲ್ಲಾ ನಿಮಗ ಆವಾಗ ಗೊತ್ತಿತ್ತೇನ್ರಿ?"